ಹದಿನಾಲ್ಕು ರಾತ್ರಿಯ ಹಡಗು, ಇಪ್ಪತ್ತು ಕಿಲೋ ಸೂಟ್‌ಕೇಸ್

ಹಡಗಿಗೆ ನಿಮ್ಮ ಲಗೇಜಿನ ತೂಕದ ಚಿಂತೆ ಇಲ್ಲ. ಸಿಡ್ನಿಯ ಸರ್ಕ್ಯುಲರ್ ಕೀ ಧಕ್ಕೆಯಲ್ಲಿ ನಿಂತ ಹತ್ತಾರು ಅಂತಸ್ತಿನ ಹಡಗಿನ ಮುಂದೆ ಯಾರೂ ತಕ್ಕಡಿ ಇಟ್ಟುಕೊಂಡು ಕುಳಿತಿರುವುದಿಲ್ಲ. ಆದರೆ ಆ ಧಕ್ಕೆಯ ತನಕ ನೀವು ವಿಮಾನದಲ್ಲಿ ಬರಬೇಕು, ಹಡಗಿಳಿದ ಮೇಲೆ ವಿಮಾನದಲ್ಲೇ ಮರಳಬೇಕು. ಎರಡು ವಾರದ ಹಡಗಿನ ಬದುಕಿಗೆ ಬೇಕಾದದ್ದನ್ನು ಕೆಲವೇ ಗಂಟೆಗಳ ವಿಮಾನದ ನಿಯಮದೊಳಗೆ ಹಿಡಿಸುವುದೇ ಇಲ್ಲಿನ ಕಗ್ಗಂಟು.

ಬಹಳ ಮಂದಿ ಇದನ್ನು ದಿನಗಳ ಲೆಕ್ಕದಿಂದ ಬಿಡಿಸಲು ಹೊರಡುತ್ತಾರೆ. ಹದಿನಾಲ್ಕು ದಿನ, ಆದ್ದರಿಂದ ಹದಿನಾಲ್ಕು ಜೊತೆ ಬಟ್ಟೆ, ಇರಲಿ ಎಂದು ಇನ್ನೆರಡು. ಅಲ್ಲಿಗೆ ಸೂಟ್‌ಕೇಸ್ ತುಂಬಿ ಜಿಪ್ಪು ಬಿರಿಯುತ್ತದೆ. ನಾನು ಕಂಡುಕೊಂಡ ಲೆಕ್ಕ ಬೇರೆ: ಎಷ್ಟು ದಿನ ಹೋಗುತ್ತೀರಿ ಎಂಬುದಕ್ಕಿಂತ ಎಷ್ಟು ದಿನಕ್ಕೊಮ್ಮೆ ಒಗೆಯುತ್ತೀರಿ ಎಂಬುದು ಮುಖ್ಯ. ಐದು ದಿನಕ್ಕೊಮ್ಮೆ ಒಗೆಯುವವರಿಗೆ ಹದಿನಾಲ್ಕು ದಿನದ ಪ್ರಯಾಣಕ್ಕೂ ಅರವತ್ತು ದಿನದ ಪ್ರಯಾಣಕ್ಕೂ ಒಂದೇ ಸೂಟ್‌ಕೇಸ್ ಸಾಕು. ಈ ಮಾತು ಮನಸ್ಸಿಗೆ ಇಳಿದರೆ ಉಳಿದದ್ದೆಲ್ಲ ಕೂಡುವುದು, ಕಳೆಯುವುದು ಅಷ್ಟೆ.

ಉದಾಹರಣೆಗೆ ನಾವು ಹೋದ ದಾರಿಯನ್ನೇ ಹೇಳುತ್ತೇನೆ. ಮಕ್ಕಳು ಸಿಡ್ನಿಯಲ್ಲಿರುವ ಅನೇಕ ಕನ್ನಡ ತಂದೆತಾಯಿಯರು ಹಿಡಿಯುವ ದಾರಿಯೂ ಇದೇ. ಹುಬ್ಬಳ್ಳಿಯಿಂದ ಬೆಂಗಳೂರು, ಬೆಂಗಳೂರಿನಿಂದ ಸಿಡ್ನಿ, ಅಲ್ಲಿ ಮಗಳ ಮನೆಯಲ್ಲಿ ಕೆಲವು ವಾರ. ನಂತರ ಸಿಡ್ನಿಯಿಂದ ಹಡಗು ಹತ್ತಿ ಟಾಸ್ಮನ್ ಸಮುದ್ರ ದಾಟಿ ನ್ಯೂಜಿಲೆಂಡಿನ ಫಿಯರ್ಡ್‌ಲ್ಯಾಂಡ್, ಡನೀಡನ್, ಕ್ರೈಸ್ಟ್‌ಚರ್ಚಿನ ಲಿಟಲ್ಟನ್ ಬಂದರು, ವೆಲಿಂಗ್ಟನ್, ನೇಪಿಯರ್, ಟೌರಂಗ ಮುಟ್ಟಿ ಆಕ್ಲೆಂಡಿನಲ್ಲಿ ಇಳಿಯುವುದು. ಆಕ್ಲೆಂಡಿನಿಂದ ಸಿಡ್ನಿಗೆ ಸುಮಾರು ಮೂರೂವರೆ ಗಂಟೆಯ ವಿಮಾನ. ಈ ಹಡಗುಗಳು ಓಡುವುದು ಹೆಚ್ಚಾಗಿ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ, ಅಂದರೆ ದಕ್ಷಿಣಾರ್ಧಗೋಳದ ಬೇಸಿಗೆಯ ಆಚೀಚೆ.

ಮೊದಲು ವಿಮಾನದ ಭಾಷೆ ತಿಳಿಯಬೇಕು. ಟಿಕೆಟ್ಟಿನಲ್ಲಿ ‘30 ಕೆ’ ಎಂದು ಇದ್ದರೆ ಒಟ್ಟು ಮೂವತ್ತು ಕಿಲೋ. ಅದನ್ನು ಒಂದು ಪೆಟ್ಟಿಗೆಯಲ್ಲಿ ಒಯ್ದರೂ ಎರಡರಲ್ಲಿ ಒಯ್ದರೂ ಸಾಮಾನ್ಯವಾಗಿ ತಕರಾರಿಲ್ಲ. ‘2 ಪಿಸಿ’ ಎಂದು ಇದ್ದರೆ ಎರಡು ನಗ, ಅಂದರೆ ಎರಡು ಬಿಡಿ ಪೆಟ್ಟಿಗೆ. ಸಾಮಾನ್ಯ ದರ್ಜೆಯಲ್ಲಿ ಒಂದೊಂದು ನಗಕ್ಕೆ 23 ಕಿಲೋ ಮಿತಿ ರೂಢಿಯಲ್ಲಿದೆ. ಈ ಎರಡು ಪದ್ಧತಿಯ ವ್ಯತ್ಯಾಸ ಗೊತ್ತಿಲ್ಲದೆ ದಂಡ ತೆತ್ತವರು ಬಹಳ. ನಗದ ಪದ್ಧತಿಯಲ್ಲಿ ಒಂದು ಪೆಟ್ಟಿಗೆ 27, ಇನ್ನೊಂದು 17 ಇದ್ದರೆ ಒಟ್ಟು 44 ಮಾತ್ರ, 46ರ ಒಳಗೇ ಇದೆ. ಆದರೂ 27ರ ಪೆಟ್ಟಿಗೆಗೆ ಹೆಚ್ಚುವರಿ ಹಣ ಕೇಳುತ್ತಾರೆ, ಏಕೆಂದರೆ ಅಲ್ಲಿ ಒಂದರ ಉಳಿತಾಯ ಇನ್ನೊಂದಕ್ಕೆ ಸಲ್ಲುವುದಿಲ್ಲ. ಇದರ ಮೇಲೆ 32 ಕಿಲೋ ಎಂಬ ಗೆರೆ ಇದೆ. ಎಷ್ಟು ದುಡ್ಡು ಕೊಟ್ಟರೂ ಅದಕ್ಕಿಂತ ಭಾರದ ಒಂದೇ ಪೆಟ್ಟಿಗೆಯನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಅದು ವಿಮಾನಕ್ಕೆ ಸಾಮಾನು ಏರಿಸುವ ಕಾರ್ಮಿಕರ ಬೆನ್ನಿನ ರಕ್ಷಣೆಗಾಗಿ ಇರುವ ಮಿತಿ. ಗಾತ್ರಕ್ಕೂ ಅಳತೆಯಿದೆ: ಉದ್ದ, ಅಗಲ, ಎತ್ತರ ಮೂರೂ ಕೂಡಿ 158 ಸೆಂಟಿಮೀಟರ್.

ಇನ್ನು ನಿಜವಾದ ತೊಡಕು. ಎಲ್ಲ ಹಾರಾಟಗಳೂ ಒಂದೇ ಟಿಕೆಟ್ಟಿನಲ್ಲಿದ್ದರೆ ಸಾಮಾನ್ಯವಾಗಿ ಒಂದೇ ಮಿತಿ ಉದ್ದಕ್ಕೂ ನಡೆಯುತ್ತದೆ. ಬೇರೆ ಬೇರೆ ಟಿಕೆಟ್ ಕೊಂಡರೆ ಪ್ರತಿಯೊಂದಕ್ಕೂ ಅದರದೇ ಮಿತಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ದೇಶೀಯ ವಿಮಾನದಲ್ಲಿ 15 ಕಿಲೋ, ಬೆಂಗಳೂರಿನಿಂದ ಸಿಡ್ನಿಗೆ ನಮ್ಮ ಟಿಕೆಟ್ಟಿನಲ್ಲಿ 30, ಆಕ್ಲೆಂಡಿನಿಂದ ಸಿಡ್ನಿಗೆ ನಾವು ಹಣ ಕೊಟ್ಟು ಪಡೆದದ್ದು 20. ದಾರ ಎಷ್ಟೇ ಉದ್ದವಿರಲಿ, ಅದು ಹಾಯಬೇಕಾದದ್ದು ಸೂಜಿಯ ಕಣ್ಣಿನಲ್ಲಿ. ಹಾಗಾಗಿ ಮೂವತ್ತು ಎಂಬ ಸಂಖ್ಯೆಯನ್ನು ಮೊದಲು ಮರೆಯಬೇಕು. ಹುಬ್ಬಳ್ಳಿಯ ಹದಿನೈದನ್ನು ನಾವು ರೈಲಿನಿಂದ ಪರಿಹರಿಸಿದೆವು. ಮೂರು ಹಂತದ ಎಸಿ ಬೋಗಿಯಲ್ಲಿ ಒಬ್ಬರಿಗೆ 40 ಕಿಲೋವರೆಗೆ ಉಚಿತ. ಉಳಿದದ್ದು 20. ಸಿಡ್ನಿಯ ಮಗಳಿಗೆಂದು ಒಯ್ದ ಸಾಮಾನು ಆಕೆಯ ಮನೆಯಲ್ಲೇ ಇಳಿಯಿತು, ಅದರ ಪೆಟ್ಟಿಗೆಯೂ ಅಲ್ಲೇ ಉಳಿಯಿತು. ಹಡಗಿಗೆ ಹೋದದ್ದು ತಲೆಗೊಂದು ಸೂಟ್‌ಕೇಸ್, ತಲೆಗೊಂದು ಕೈಚೀಲ.

ಇಪ್ಪತ್ತರ ಮಿತಿಗೆ ಇಪ್ಪತ್ತನ್ನೇ ತುಂಬಬಾರದು. ಮನೆಯ ತಕ್ಕಡಿಗೂ ವಿಮಾನ ನಿಲ್ದಾಣದ ತಕ್ಕಡಿಗೂ ಅರ್ಧ ಕಿಲೋ ವ್ಯತ್ಯಾಸ ಬರಬಹುದು, ಬರುವಾಗ ಏನಾದರೂ ಕೊಳ್ಳುತ್ತೇವೆ. ನನ್ನ ಗುರಿ 18. ತಿಂಗಳ ಸಂಬಳ ಬಂದ ದಿನ ಬಾಡಿಗೆ, ಹಾಲು, ದಿನಸಿಯ ಹಣ ತೆಗೆದಿಟ್ಟು ಉಳಿದದ್ದರಲ್ಲಿ ಮಿಕ್ಕ ಖರ್ಚು ನೋಡುವಂತೆ ತೂಕವನ್ನೂ ಹಂಚಬೇಕು. ಮೊದಲ ಬಾಡಿಗೆ ಖಾಲಿ ಸೂಟ್‌ಕೇಸಿನದು. ನಮ್ಮ ಹಳೆಯ ದೊಡ್ಡ ಗಟ್ಟಿ ಪೆಟ್ಟಿಗೆ ಖಾಲಿಯಿದ್ದಾಗಲೇ 4.8 ಕಿಲೋ ತೂಗಿತು. ಬಟ್ಟೆಯ ಮೈಯ ಹಗುರ ಸೂಟ್‌ಕೇಸ್ 3.2. ಅಲ್ಲಿಯೇ ಒಂದೂವರೆ ಕಿಲೋ ಗೆದ್ದಂತಾಯಿತು, ಒಂದು ಬಟ್ಟೆಯನ್ನೂ ಕಡಿಮೆ ಮಾಡದೆ. ಉಳಿದ 14.8ರಲ್ಲಿ ಚಪ್ಪಲಿ, ಬೂಟಿಗೆ 1.3, ಸ್ನಾನದ ಸಾಮಾನಿಗೆ 1.3, ತಿನಿಸಿಗೆ 1.5, ಚಾರ್ಜರ್, ಹಗ್ಗ, ಕೊಕ್ಕೆ ಇತ್ಯಾದಿಗೆ 0.7. ಬಟ್ಟೆಗೆ ಸಿಗುವುದು ಸರಿಯಾಗಿ ಹತ್ತು ಕಿಲೋ. ಹತ್ತು ಕಿಲೋ ಬಟ್ಟೆ ಎಂದರೆ ಸಣ್ಣ ರಾಶಿಯಲ್ಲ; ಅದರಲ್ಲಿ ಮೂರು ಕಿಲೋ ಉಳಿಸಿಕೊಂಡೇ ನಾನು ಹೋದೆ.

ತೂಗುವುದಕ್ಕೆ ವಿಶೇಷ ಸಾಧನ ಬೇಕಿಲ್ಲ. ಕೈಯಲ್ಲಿ ತೂಗುಹಾಕಿ ನೋಡುವ ಡಿಜಿಟಲ್ ತಕ್ಕಡಿ ಅಗ್ಗಕ್ಕೆ ಸಿಗುತ್ತದೆ, ಹಗುರವೂ ಹೌದು, ಅದನ್ನು ಜೊತೆಗೇ ಒಯ್ಯಬಹುದು. ಅದಿಲ್ಲದಿದ್ದರೆ ಮನೆಯಲ್ಲಿ ಮೈತೂಕ ನೋಡುವ ಯಂತ್ರದ ಮೇಲೆ ಸೂಟ್‌ಕೇಸ್ ಹಿಡಿದು ನಿಂತು, ಆಮೇಲೆ ಬರಿಗೈಯಲ್ಲಿ ನಿಂತು, ಮೊದಲ ತೂಕದಿಂದ ಎರಡನೆಯದನ್ನು ಕಳೆಯಿರಿ. ಬಿಡಿ ಬಟ್ಟೆಗಳನ್ನು ನಾನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಆ ಒಂದು ಸಂಜೆ ನನಗೆ ಕಲಿಸಿದಷ್ಟನ್ನು ಬೇರಾವುದೂ ಕಲಿಸಲಿಲ್ಲ. ಜೀನ್ಸ್ ಪ್ಯಾಂಟ್ 650 ಗ್ರಾಂ. ತೆಳು ಸಿಂಥೆಟಿಕ್ ಪ್ಯಾಂಟ್ 280. ಮನೆಯ ಟರ್ಕಿ ಟವೆಲ್ 550, ಹಡಗಿನಲ್ಲಿ ಟವೆಲ್ ಅವರೇ ಕೊಡುತ್ತಾರೆ. ಅಚ್ಚರಿ ತಂದದ್ದು ಸೀರೆಯ ಒಳಲಂಗ: ಹತ್ತಿಯದು 300 ಗ್ರಾಂ! ನಾಲ್ಕು ಸೀರೆಗೆ ನಾಲ್ಕು ಲಂಗ ಇಟ್ಟರೆ ಯಾರ ಕಣ್ಣಿಗೂ ಬೀಳದ ಉಡುಪಿಗೇ ಒಂದು ಕಿಲೋ ಮೀರಿ ಹೋಗುತ್ತದೆ.

ಹಡಗಿನ ಪ್ರಯಾಣದಲ್ಲಿ ಅಲಂಕಾರದ ಸಂಜೆಗಳಿರುತ್ತವೆ. ಎರಡು ವಾರದ ಯಾನದಲ್ಲಿ ಎರಡು ಮೂರು ಬರಬಹುದು. ಆ ರಾತ್ರಿ ಮುಖ್ಯ ಊಟದ ಸಭಾಂಗಣಕ್ಕೆ ಚೆನ್ನಾಗಿ ಉಟ್ಟು ಬರಬೇಕೆಂಬ ನಿರೀಕ್ಷೆ. ಈ ಭಯದಲ್ಲೇ ಸೂಟ್‌ಕೇಸುಗಳು ಊದಿಕೊಳ್ಳುವುದು. ಇಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಒಂದು ದೊಡ್ಡ ಅನುಕೂಲವಿದೆ, ಅದನ್ನು ಅಭಿಮಾನದಿಂದಲೇ ಹೇಳುತ್ತೇನೆ. ಮೈಸೂರು ಕ್ರೇಪ್ ರೇಷ್ಮೆ ಸೀರೆಯೊಂದು ಹೆಚ್ಚುಕಡಿಮೆ ಅರ್ಧ ಕಿಲೋ. ಮಡಚಿದರೆ ಒಂದು ಪುಸ್ತಕದಷ್ಟು ಜಾಗ. ಕ್ರೇಪ್ ನೂಲನ್ನು ಬಿಗಿಯಾಗಿ ಹುರಿಗೊಳಿಸಿರುವುದರಿಂದ ಸುಕ್ಕು ಹಿಡಿಯುವುದು ಕಡಿಮೆ; ಹಿಂದಿನ ರಾತ್ರಿ ನೇತುಹಾಕಿದರೆ ಇಸ್ತ್ರಿ ಬೇಡ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯ ಆ ನೇಯ್ಗೆ ಹಡಗಿನ ಯಾನಕ್ಕೆಂದೇ ಹುಟ್ಟಿದಂತಿದೆ. ಒಂದು ಸೀರೆ, ಎರಡು ಬೇರೆ ಬಣ್ಣದ ರವಿಕೆ, ಒಂದು ತೆಳು ಸ್ಯಾಟಿನ್ ಲಂಗ: ಎರಡು ಸಂಜೆಗಳು ಒಂದು ಕಿಲೋದೊಳಗೆ ಮುಗಿದವು. ಭಾರಿ ಜರಿಯ ಕಂಚಿ ಸೀರೆ ಇದಕ್ಕೆ ಸರಿಹೋಗದು. ತೂಕವೂ ಹೆಚ್ಚು, ಮಡಿಕೆಯಲ್ಲಿ ಜರಿ ಮುರಿಯುವ ಭಯವೂ ಇದೆ. ಗಂಡಸರಿಗೆ ಒಂದೇ ಗಾಢ ಬಣ್ಣದ ಕೋಟು ಸಾಕು, ಅದನ್ನು ಸೂಟ್‌ಕೇಸಿಗೆ ಹಾಕದೆ ವಿಮಾನದಲ್ಲಿ ಮೈಮೇಲೆ ಹಾಕಿಕೊಳ್ಳಬೇಕು. ಭಾರದ ಬೂಟೂ ಹಾಗೆಯೇ, ಕಾಲಿನಲ್ಲೇ ಇರಲಿ.

ಹವೆಯ ವಿಷಯ ಈ ದಾರಿಯಲ್ಲಿ ಸ್ವಲ್ಪ ಕಷ್ಟದ್ದು. ಸಿಡ್ನಿಯಲ್ಲಿ ಬೆವರಿ ಹಡಗು ಹತ್ತುತ್ತೀರಿ, ನಾಲ್ಕನೆಯ ದಿನ ಫಿಯರ್ಡ್‌ಲ್ಯಾಂಡಿನ ಮಿಲ್ಫರ್ಡ್ ಸೌಂಡ್ ಎಂಬ ಕಡಲ ಕಣಿವೆಯ ಕಡಿದಾದ ಬಂಡೆಗಳ ನಡುವೆ ಮಳೆಯಲ್ಲಿ ನಡುಗುತ್ತೀರಿ. ಅಲ್ಲಿ ವರ್ಷಕ್ಕೆ 6,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ; ಆಗುಂಬೆಯನ್ನು ಕಂಡವರಿಗೆ ಅದರ ಅಂದಾಜು ಸಿಕ್ಕೀತು. ಜೊತೆಗೆ ದಕ್ಷಿಣ ಅಕ್ಷಾಂಶ ನಲವತ್ತು ದಾಟಿದ ಮೇಲಿನ ಪಶ್ಚಿಮದ ಗಾಳಿ. ಡೆಕ್ಕಿನ ಮೇಲೆ ಛತ್ರಿ ಬಿಚ್ಚಿದರೆ ಉಳಿಯುವುದಿಲ್ಲ, ಅದನ್ನು ಮನೆಯಲ್ಲೇ ಬಿಡಿ. ಇದಕ್ಕೆ ದಪ್ಪ ಓವರ್‌ಕೋಟು ಬೇಕೆಂದು ತೋರುತ್ತದೆ. ಅದೊಂದೇ ಒಂದೂವರೆ ಕಿಲೋ ತಿನ್ನುತ್ತದೆ, ಉಳಿದ ದಿನವೆಲ್ಲ ಕಪಾಟಿನಲ್ಲಿ ನೇತಾಡುತ್ತದೆ. ಅದರ ಬದಲು ಪದರಗಳನ್ನು ಒಯ್ಯಬೇಕು: ಒಳಗೆ ತೆಳು ಉಣ್ಣೆಯ ಅಥವಾ ಥರ್ಮಲ್ ಅಂಗಿ, ಮೇಲೆ ಫ್ಲೀಸ್, ಅದರ ಮೇಲೆ ನೀರು ತಡೆಯುವ, ಟೋಪಿ ಇರುವ ತೆಳು ಜಾಕೆಟ್. ಮೂರೂ ಸೇರಿ ಒಂದು ಕಿಲೋ ಮುಟ್ಟುವುದಿಲ್ಲ. ಬೆಚ್ಚಗಿಡುವುದು ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ಹೊರತು ಬಟ್ಟೆಯ ದಪ್ಪವಲ್ಲ. ವೆಲಿಂಗ್ಟನ್ನಿನಲ್ಲಿ ಬಿಸಿಲು ಬಂದರೆ ಒಂದೊಂದಾಗಿ ಕಳಚಬಹುದು.

ಒಗೆಯುವುದಕ್ಕೆ ಬರೋಣ, ಏಕೆಂದರೆ ಈ ಎಲ್ಲ ಉಳಿತಾಯ ನಿಂತಿರುವುದೇ ಅದರ ಮೇಲೆ. ಟಿಕೆಟ್ ಕಾದಿರಿಸುವ ಮೊದಲೇ ಆ ಹಡಗಿನಲ್ಲಿ ಏನು ವ್ಯವಸ್ಥೆ ಇದೆ ಎಂದು ವಿಚಾರಿಸಿ. ಪ್ರಿನ್ಸೆಸ್ ಕಂಪನಿಯ ಹಡಗುಗಳಲ್ಲಿ ಪ್ರಯಾಣಿಕರೇ ಬಳಸುವ ಒಗೆಯುವ ಕೋಣೆಗಳಿವೆ, ಯಂತ್ರ, ಇಸ್ತ್ರಿ ಎರಡೂ ಸಿಗುತ್ತವೆ. ರಾಯಲ್ ಕೆರಿಬಿಯನ್ ಕಂಪನಿಯ ಹಡಗುಗಳಲ್ಲಿ ಅದಿಲ್ಲ. ಬಟ್ಟೆಯನ್ನು ಸಿಬ್ಬಂದಿಗೆ ಕೊಟ್ಟು ಒಗೆಸಬೇಕು. ಒಂದೊಂದು ಬಟ್ಟೆಗೆ ಇಷ್ಟು ಎಂದು ಕೊಟ್ಟರೆ ದುಬಾರಿ, ನಡುವೆ ಚೀಲಕ್ಕಿಷ್ಟು ಎಂಬ ದರ ಬಂದಾಗ ಕೊಡುವುದು ಲಾಭ. ವಿಮಾನದಲ್ಲಿ ಹೆಚ್ಚುವರಿ ತೂಕಕ್ಕೆ ಹೋಗಿ ಬರುವ ಎರಡೂ ಕಡೆ ತೆರುವ ಹಣದ ಮುಂದೆ ಒಂದು ಚೀಲ ಬಟ್ಟೆಯ ಒಗೆತ ಅಗ್ಗವೇ.

ಒಳಉಡುಪು, ತೆಳು ಕುರ್ತಾಗಳನ್ನು ಮಾತ್ರ ಕೈಯಲ್ಲೇ ಒಗೆಯಬಹುದು. ಹಡಗಿನ ಕೋಣೆಯಲ್ಲಿ ಬಿಸಿಲಿಲ್ಲ, ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಲು ಬಿಡುವುದಿಲ್ಲ. ಆದ್ದರಿಂದ ಬಟ್ಟೆ ಬೇಗ ಒಣಗುವ ಜಾತಿಯದಾಗಿರಬೇಕು. ಹತ್ತಿಯ ಎಳೆ ನೀರನ್ನು ತನ್ನೊಳಗೇ ಹೀರಿಕೊಳ್ಳುತ್ತದೆ, ಬಿಟ್ಟುಕೊಡಲು ಹೊತ್ತು ಹಿಡಿಯುತ್ತದೆ. ಪಾಲಿಯೆಸ್ಟರ್ ಎಳೆಯೊಳಗೆ ನೀರು ಇಳಿಯುವುದೇ ಇಲ್ಲ ಎನ್ನಬಹುದು, ಎಳೆಗಳ ನಡುವೆ ನಿಂತಿರುತ್ತದೆ, ಹಿಂಡಿದರೆ ಹೋಗುತ್ತದೆ. ಸೆಕೆಯ ಊರಿನಲ್ಲಿ ಹತ್ತಿಯನ್ನೇ ಬಯಸುವ ನಮ್ಮಂಥವರಿಗೆ ಇದು ಒಗ್ಗಲು ಕಷ್ಟ. ನಾನು ಹತ್ತಿ ಮಿಶ್ರಿತ ತೆಳು ಬಟ್ಟೆಯಲ್ಲಿ ರಾಜಿಯಾದೆ. ಒಣಗಿಸುವ ಉಪಾಯ ಇಷ್ಟು: ಒಗೆದ ಬಟ್ಟೆಯನ್ನು ಹಡಗಿನ ಒಣ ಟವೆಲಿನ ಮೇಲೆ ಹರಡಿ, ಎರಡನ್ನೂ ಸೇರಿಸಿ ಚಾಪೆಯಂತೆ ಸುತ್ತಿ, ಅದರ ಮೇಲೆ ಕಾಲಿಟ್ಟು ಒತ್ತಿ. ಅರ್ಧ ನೀರು ಟವೆಲಿಗೆ ಹೋಗುತ್ತದೆ. ಸ್ನಾನದ ಮನೆಯಲ್ಲಿ ಎಳೆದು ಕಟ್ಟುವ ದಾರ ಇರುವ ಹಡಗುಗಳೂ ಇವೆ. ಕೋಣೆಯ ಗೋಡೆ ಹೆಚ್ಚಿನ ಹಡಗುಗಳಲ್ಲಿ ಉಕ್ಕಿನದು, ಹಾಗಾಗಿ ಅಯಸ್ಕಾಂತದ ನಾಲ್ಕು ಕೊಕ್ಕೆಗಳು ಬಹಳ ಕೆಲಸ ಮಾಡುತ್ತವೆ. ಐದು ಹಗಲಿನ ಉಡುಪು, ಏಳು ಜೊತೆ ಒಳಉಡುಪು ಸಾಕಾದದ್ದು ಈ ರೀತಿ.

ಇನ್ನು ನಾನು ಅತ್ಯಂತ ಕಾಳಜಿಯಿಂದ ಹೇಳಬೇಕೆಂದಿರುವ ಭಾಗ, ಕೈಚೀಲ. ವಿಮಾನದಲ್ಲಿ ಹಾಕಿದ ಸೂಟ್‌ಕೇಸ್ ನಿಮ್ಮ ಜೊತೆ ಬಾರದಿದ್ದರೆ ಸಾಮಾನ್ಯ ಪ್ರವಾಸದಲ್ಲಿ ಹೋಟೆಲಿಗೆ ಮರುದಿನ ತಲುಪಿಸುತ್ತಾರೆ. ಹಡಗು ಕಾಯುವುದಿಲ್ಲ. ಈ ದಾರಿಯ ನಕ್ಷೆ ನೋಡಿ: ಮೊದಲ ದಿನ ಸಿಡ್ನಿ ಬಿಡುತ್ತದೆ, ಎರಡು, ಮೂರನೆಯ ದಿನ ನಡುಸಮುದ್ರ, ನಾಲ್ಕನೆಯ ದಿನ ಫಿಯರ್ಡ್‌ಲ್ಯಾಂಡ್, ಅಲ್ಲಿ ಹಡಗು ಕಣಿವೆಯೊಳಗೆ ಸಾಗಿ ಹೊರಬರುತ್ತದೆಯೇ ಹೊರತು ಧಕ್ಕೆಗೆ ನಿಲ್ಲುವುದಿಲ್ಲ. ಮೊದಲ ಬಂದರು ಐದನೆಯ ದಿನ, ಡನೀಡನ್ನಿನ ಪೋರ್ಟ್ ಚಾಮರ್ಸ್. ಅಂದರೆ ವಿಮಾನ ಸಂಸ್ಥೆಗೆ ನಿಮ್ಮ ಪೆಟ್ಟಿಗೆ ಮರುದಿನವೇ ಸಿಕ್ಕರೂ ನಿಮ್ಮ ಕೈಗೆ ಬರುವುದು ಐದನೆಯ ದಿನ. ಆದ್ದರಿಂದ ಹಡಗು ಹೊರಡುವ ದಿನವೇ ವಿಮಾನದಲ್ಲಿ ಇಳಿಯುವ ಯೋಜನೆ ಬೇಡ, ಎರಡು ದಿನವಾದರೂ ಮೊದಲು ತಲುಪಿ. ಕೈಚೀಲದ ಏಳು ಕಿಲೋ ಐದು ದಿನ ನಡೆಸುವಂತಿರಲಿ: ಎರಡು ಜೊತೆ ಬಟ್ಟೆ, ಒಳಉಡುಪು, ಒಂದು ಬೆಚ್ಚನೆಯ ಪದರ, ಕನ್ನಡಕ, ಕಾಗದಪತ್ರ, ಎಲ್ಲ ಔಷಧಿ.

ಔಷಧಿ ಎಲ್ಲವೂ ಎಂದರೆ ಎಲ್ಲವೂ. ಪೂರ್ತಿ ಪ್ರಯಾಣದ್ದು, ಮೇಲೆ ಒಂದು ವಾರದ್ದು. ಮೂಲ ಪೊಟ್ಟಣದಲ್ಲೇ ಇರಲಿ, ಇಂಗ್ಲಿಷಿನಲ್ಲಿ ಬರೆದ ವೈದ್ಯರ ಚೀಟಿ ಜೊತೆಗಿರಲಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎರಡೂ ಕಡೆ ಸ್ವಂತ ಬಳಕೆಗೆ ಮೂರು ತಿಂಗಳವರೆಗಿನ ಸಾಮಾನ್ಯ ಔಷಧಿ ಒಯ್ಯಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ವಿಮಾನದ ಹೊಟ್ಟೆಗೆ ಹಾಕಲೇಬಾರದು, ಹೆಪ್ಪುಗಟ್ಟಿದರೆ ಕೆಡುತ್ತದೆ. ಪವರ್ ಬ್ಯಾಂಕ್ ಕೂಡ ಕೈಚೀಲದಲ್ಲೇ. ಅದರ ಮಿತಿ 100 ವ್ಯಾಟ್-ಅವರ್. ಅದರ ಮೇಲೆ ಬರೆದಿರುವ ಮಿಲಿಆಂಪಿಯರ್-ಅವರ್ (mAh) ಸಂಖ್ಯೆಯನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಇದು ಸಿಗುತ್ತದೆ. 20,000ದ್ದು 74, ತೊಂದರೆಯಿಲ್ಲ. ದ್ರವಗಳು 100 ಮಿಲಿಲೀಟರ್ ಮೀರದ ಶೀಸೆಗಳಲ್ಲಿ. ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ ಸೂಟ್‌ಕೇಸುಗಳಲ್ಲಿ ಬಟ್ಟೆಯನ್ನು ಅರ್ಧರ್ಧ ಅದಲುಬದಲು ಮಾಡಿ ಇಡಿ. ಒಂದು ಕಳೆದರೆ ಇಬ್ಬರಿಗೂ ಉಡಲು ಇರುತ್ತದೆ. ಪೆಟ್ಟಿಗೆ ಬಾರದಿದ್ದರೆ ನಿಲ್ದಾಣ ಬಿಡುವ ಮೊದಲೇ ದೂರು ಬರೆಸಿ, ಹಡಗಿನ ಹೆಸರು ಮತ್ತು ಬಂದರುಗಳ ದಿನಾಂಕ ಕೊಡಿ. ಅಂತರರಾಷ್ಟ್ರೀಯ ವಿಮಾನ ಪ್ರಯಾಣಕ್ಕೆ ಸಂಬಂಧಿಸಿದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಪರಿಹಾರದ ಗರಿಷ್ಠ ಮಿತಿ 2024ರ ಡಿಸೆಂಬರ್ ಕೊನೆಯಿಂದ ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ), ಸುಮಾರು ಎರಡು ಸಾವಿರ ಅಮೆರಿಕನ್ ಡಾಲರ್. ಒಡವೆ ಹಾಕಿಡುವವರು ಈ ಸಂಖ್ಯೆಯನ್ನು ನೆನಪಿಡಬೇಕು.

ಒಯ್ದರೂ ಪ್ರಯೋಜನವಿಲ್ಲದ ಸಾಮಾನುಗಳಿವೆ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಅನ್ನದ ಕುಕ್ಕರ್ ಇವನ್ನು ಹಡಗಿನವರು ಬೆಂಕಿಯ ಭಯದಿಂದ ತಪಾಸಣೆಯಲ್ಲೇ ತೆಗೆದಿಟ್ಟುಕೊಂಡು ಕೊನೆಯ ದಿನ ಮರಳಿಸುತ್ತಾರೆ. ಎಕ್ಸ್‌ಟೆನ್ಷನ್ ಬೋರ್ಡಿಗೂ ಹಲವು ಕಡೆ ಅದೇ ಗತಿ. ಇಡೀ ಒಣ ಕೊಬ್ಬರಿ ವಿಮಾನಕ್ಕೇ ನಿಷಿದ್ಧ. ಅದರ ಎಣ್ಣೆಯ ಅಂಶದಿಂದ ತಾನೇ ಕಾವೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಸಾಲಿನಲ್ಲಿ ಅದಿದೆ. ಧಾರವಾಡ ಪೇಡೆಯನ್ನು ಮೊಮ್ಮಗಳಿಗೆಂದು ಇಟ್ಟುಕೊಳ್ಳುವ ಆಸೆ ನನಗೂ ಇತ್ತು. ಹಾಲಿನ ಸಿಹಿಗಳನ್ನು ಭಾರತದಿಂದ ಆಸ್ಟ್ರೇಲಿಯಾಕ್ಕೆ ಒಯ್ಯುವಂತಿಲ್ಲ. ಅಲ್ಲಿನ ದನಗಳಿಗೆ ಕಾಲುಬಾಯಿ ರೋಗ ಬಾರದಂತೆ ಕಾಯುವ ನಿಯಮ ಅದು, ದನ ಸಾಕುವ ಮನೆಯಿಂದ ಬಂದ ನನಗೆ ಅದರ ಬೆಲೆ ಅರ್ಥವಾಗುತ್ತದೆ. ಯಾವ ತಿನಿಸಿದ್ದರೂ ಆಗಮನದ ಚೀಟಿಯಲ್ಲಿ ಇದೆ ಎಂದೇ ಬರೆಯಿರಿ. ನ್ಯೂಜಿಲೆಂಡಿನಲ್ಲಿ ಹೇಳದೆ ಒಯ್ದ ಒಂದು ಸೇಬಿಗೂ 400 ನ್ಯೂಜಿಲೆಂಡ್ ಡಾಲರ್ ದಂಡ, ಹಡಗಿನ ತಿಂಡಿಮೇಜಿನಿಂದ ಚೀಲಕ್ಕೆ ಹಾಕಿಕೊಂಡದ್ದಾದರೂ ಸರಿ. ಬೂಟಿನ ಅಡಿಯಲ್ಲಿ ಮಣ್ಣಿದ್ದರೂ ಕೇಳುತ್ತಾರೆ, ತೊಳೆದು ಒಣಗಿಸಿ ಇಡಿ. ಮನೆಯಲ್ಲಿ ಮಾಡಿದ ತಿಂಡಿಯನ್ನು ಹಲವು ಹಡಗುಗಳು ಒಳಬಿಡುವುದಿಲ್ಲ. ಅಂಗಡಿಯಲ್ಲಿ ಮುಚ್ಚಿ ಮಾರುವ ಚಟ್ನಿಪುಡಿ, ಚಕ್ಕುಲಿಯ ಪೊಟ್ಟಣಗಳೇ ನಮ್ಮ ಒಂದೂವರೆ ಕಿಲೋ. ಸಸ್ಯಾಹಾರದ ಊಟ ಹಡಗಿನಲ್ಲಿ ಚೆನ್ನಾಗಿ ಸಿಕ್ಕಿತು, ಆದರೆ ಹತ್ತನೆಯ ದಿನ ಬಿಳಿ ಅನ್ನಕ್ಕೆ ಚಟ್ನಿಪುಡಿ ಕಲಸಿಕೊಂಡ ತೃಪ್ತಿ ಬೇರೆಯೇ. ಇನ್ನೊಂದು ಲಾಭ, ತಿಂದಷ್ಟೂ ಪೆಟ್ಟಿಗೆ ಹಗುರವಾಗುತ್ತದೆ. ಆ ತೂಕದಲ್ಲೇ ನ್ಯೂಜಿಲೆಂಡಿನ ಮೆರಿನೋ ಉಣ್ಣೆಯ ಎರಡು ಸ್ವೆಟರ್ ಮರಳಿ ಬಂದವು.

ಇಳಿಯುವ ಹಿಂದಿನ ರಾತ್ರಿ ಸೂಟ್‌ಕೇಸುಗಳನ್ನು ಚೀಟಿ ಕಟ್ಟಿ ಕೋಣೆಯ ಹೊರಗಿಡಲು ಹೇಳುತ್ತಾರೆ, ಬೆಳಿಗ್ಗೆ ಅವು ಆಕ್ಲೆಂಡಿನ ಧಕ್ಕೆಯ ಮೇಲೆ ಸಾಲಾಗಿ ನಿಂತಿರುತ್ತವೆ. ಹೊರಗಿಡುವ ಮೊದಲು ಮರುದಿನದ ಉಡುಪು, ಬೂಟು, ಹಲ್ಲುಜ್ಜುವ ಬ್ರಷ್, ಪಾಸ್‌ಪೋರ್ಟ್ ಕೈಚೀಲಕ್ಕೆ ಬಂದಿವೆಯೇ ನೋಡಿ. ತಕ್ಕಡಿಯನ್ನು ಹಿಡಿಕೆಗೆ ಸಿಕ್ಕಿಸಿ ಕೊನೆಯ ಬಾರಿ ಎತ್ತಿ. ಆ ರಾತ್ರಿ ನನ್ನದು 18.6 ತೋರಿಸಿತು.